ಟ್ರೌಟ್ ಮೀನಿನ ಕಿಡ್ನಿ ರೋಗ: ನೀರು 15 ಡಿಗ್ರಿ ದಾಟುವ ಮೊದಲು ಮಾಡಬೇಕಾದ ಕೆಲಸ

ಡಿಸೆಂಬರ್ ಬೆಳಗಿನ ಜಾವ ಬೆಂಗಳೂರಿನಲ್ಲಿ ಎಲ್ಲರೂ ಸ್ವೆಟರ್ ಹುಡುಕುತ್ತಾರಲ್ಲ, ಆ ಹೊತ್ತಿಗೆ ಹೊರಗೆ ಸುಮಾರು 15 ಡಿಗ್ರಿ ಇರುತ್ತದೆ. ನಮಗೆ ಅದು ಚಳಿ. ಟ್ರೌಟ್ ಮೀನಿಗೆ ಅದೇ 15 ಡಿಗ್ರಿ ಅಪಾಯದ ಗೆರೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುವಾಗ ನಾನು ನೋಡಿದ್ದೆಲ್ಲ ಕಾಟ್ಲಾ, ರೋಹು. ಅವು 28 ಡಿಗ್ರಿಯಲ್ಲಿ ಖುಷಿಯಾಗಿ ಬೆಳೆಯುವ ಮೀನುಗಳು. ದಕ್ಷಿಣ ಇಂಗ್ಲೆಂಡಿನ ಟ್ರೌಟ್ ಫಾರ್ಮಿಗೆ ಕೆಲಸಕ್ಕೆ ಬಂದ ಮೇಲೆ ಒಂದೊಂದು ಡಿಗ್ರಿಗೂ ಇಷ್ಟು ಬೆಲೆ ಇದೆ ಅಂತ ಗೊತ್ತಾಯಿತು.

ಪ್ರತಿ ಜುಲೈ ತಿಂಗಳಲ್ಲಿ ಕಾಲೇಜಿನ ಜೂನಿಯರ್‌ಗಳಿಂದ ಫೋನ್ ಬರುತ್ತದೆ. ಯುರೋಪಿನ ಬೇರೆ ಬೇರೆ ಕಡೆ ಟ್ರೌಟ್ ಸಾಕಣೆಯಲ್ಲಿ ಇರುವವರು. "ಅಕ್ಕಾ, ಮೀನು ಕಪ್ಪಗಾಗ್ತಿವೆ. ಮೇವು ಹಾಕಿದ್ರೂ ಮೇಲೆ ಬರ್ತಿಲ್ಲ. ಏನು ಔಷಧಿ ಕೊಡ್ಲಿ?" ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ನೀರು ಎಷ್ಟು ಡಿಗ್ರಿ ಇದೆ? ಎಷ್ಟು ದಿನದಿಂದ?" ಸಾಮಾನ್ಯವಾಗಿ ಆ ಕಡೆಯಿಂದ ಉತ್ತರ ಬರುವುದಿಲ್ಲ. ಈ ಲೇಖನ ಬರೆಯಲು ಆ ಮೌನವೇ ಕಾರಣ. ಟ್ರೌಟ್ ಸಾಕುವವರಿಗೆ, ಮೀನುಗಾರಿಕೆ ಓದುತ್ತಿರುವವರಿಗೆ, ರಜೆಯಲ್ಲಿ ಗಾಳ ಹಿಡಿದು ಹೊಳೆಗೆ ಹೋಗುವವರಿಗೆ, ಎಲ್ಲರಿಗೂ ಇದರಲ್ಲಿ ಏನಾದರೂ ಸಿಗುತ್ತದೆ ಅಂದುಕೊಂಡಿದ್ದೇನೆ.

ಮೊದಲು ರೋಗದ ದಾರಿ ತಿಳಿದುಕೊಳ್ಳಿ

ರೋಗದ ಚಿಕ್ಕ ಹೆಸರು ಪಿಕೆಡಿ. ಕಿಡ್ನಿ ಊದಿಕೊಂಡು ಬೆಳೆಯುವ ರೋಗ ಇದು. ಇದನ್ನು ತರುವ ಪರಾವಲಂಬಿಯ ಹೆಸರು ಟೆಟ್ರಾಕ್ಯಾಪ್ಸುಲಾಯ್ಡಿಸ್ ಬ್ರಯೋಸಾಲ್ಮೋನೆ. ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ಆದರೆ ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಚೆನ್ನಾಗಿ ತಿಳಿದುಕೊಳ್ಳಿ. ಮುಂದಿನ ಎಲ್ಲ ಕೆಲಸ ಅದರ ಮೇಲೆಯೇ ನಿಂತಿದೆ.

ಈ ಜೀವಿ ಜೆಲ್ಲಿ ಮೀನಿನ ದೂರದ ಸಂಬಂಧಿ. ಬಹಳ ವರ್ಷ ಇದು ಏನು ಅಂತಲೇ ಗೊತ್ತಿರಲಿಲ್ಲ. ಮೀನಿನ ಕಿಡ್ನಿಯಲ್ಲಿ ಕಾಣುತ್ತಿತ್ತು, ಆದರೆ ಎಲ್ಲಿಂದ ಬಂತು ಅನ್ನುವುದೇ ಒಗಟು. ಹಾಗಾಗಿ ವಿಜ್ಞಾನಿಗಳು ಇದನ್ನು ಪಿಕೆಎಕ್ಸ್ ಅಂತ ಕರೆಯುತ್ತಿದ್ದರು. 1999ರ ಹೊತ್ತಿಗೆ ಒಗಟು ಬಿಡಿಸಿತು. ಪರಾವಲಂಬಿಯ ಇನ್ನೊಂದು ಮನೆ ಬ್ರಯೋಜೋವ ಅನ್ನುವ ಸಣ್ಣ ನೀರಿನ ಪ್ರಾಣಿ. ನೋಡಿದರೆ ಪಾಚಿ ಅನ್ನಬೇಕು, ಹಾಗಿರುತ್ತದೆ. ಕಲ್ಲಿನ ಅಡಿ, ನೀರಲ್ಲಿ ಮುಳುಗಿದ ಬೇರು, ಪೈಪಿನ ಒಳಗೆ, ಜಾಲರಿಯ ಹಿಂದೆ ಅಂಟಿಕೊಂಡು ಬೆಳೆಯುತ್ತದೆ. ಯುರೋಪಿನಲ್ಲಿ ಇವುಗಳಲ್ಲಿ ಮುಖ್ಯವಾದದ್ದು ಫ್ರೆಡೆರಿಸೆಲ್ಲಾ ಸುಲ್ತಾನಾ.

ಬ್ರಯೋಜೋವದ ಮೈಯೊಳಗೆ ಪರಾವಲಂಬಿ ಬೆಳೆದು ಸ್ಪೋರ್‌ಗಳನ್ನು ನೀರಿಗೆ ಬಿಡುತ್ತದೆ. ಸ್ಪೋರ್ ಕಣ್ಣಿಗೆ ಕಾಣುವುದಿಲ್ಲ. ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ಅಗಲ ಇರಬಹುದು. ಅದಕ್ಕೆ ಮೀನು ಸಿಗದಿದ್ದರೆ ಒಂದು ದಿನದೊಳಗೆ ಸಾಯುತ್ತದೆ. ಸಿಕ್ಕರೆ ಕಿವಿರಿನಿಂದ ಅಥವಾ ಚರ್ಮದಿಂದ ಒಳಗೆ ಹೋಗಿ, ರಕ್ತದ ಜೊತೆ ಹರಿದು ಕಿಡ್ನಿ ಸೇರುತ್ತದೆ. ಅಲ್ಲಿ ಹೆಚ್ಚುತ್ತದೆ. ಕೊನೆಗೆ ಮೀನಿನ ಮೂತ್ರದ ಜೊತೆ ಬೇರೆ ಬಗೆಯ ಸ್ಪೋರ್ ಆಗಿ ಹೊರಬಂದು ಮತ್ತೆ ಬ್ರಯೋಜೋವಕ್ಕೆ ಅಂಟುತ್ತದೆ.

ಇಲ್ಲಿ ಎರಡು ಮಾತು ಗಮನದಲ್ಲಿರಲಿ. ಒಂದು, ರೋಗ ಮೀನಿನಿಂದ ಮೀನಿಗೆ ನೇರವಾಗಿ ಅಂಟುವುದಿಲ್ಲ. ಮಧ್ಯೆ ಬ್ರಯೋಜೋವ ಬೇಕೇ ಬೇಕು. ಇನ್ನೊಂದು, ಯುರೋಪಿನಲ್ಲಿ ಈ ಚಕ್ರ ತಿರುಗುವುದು ಅಲ್ಲಿನ ಸ್ವಂತ ಮೀನಾದ ಬ್ರೌನ್ ಟ್ರೌಟ್‌ನಿಂದ. ಅಮೆರಿಕದಿಂದ ಬಂದ ರೇನ್‌ಬೋ ಟ್ರೌಟ್‌ಗೂ ರೋಗ ಬರುತ್ತದೆ, ಸಾಯುತ್ತದೆ ಕೂಡ. ಆದರೆ ಅದರಿಂದ ಪರಾವಲಂಬಿ ಮುಂದಕ್ಕೆ ಹೋಗುವುದಿಲ್ಲ.

ಬಿಸಿ ನೀರು ಏನು ಮಾಡುತ್ತದೆ

ಸೋಂಕು ತಗಲುವುದು ಬೇರೆ, ರೋಗ ಏರುವುದು ಬೇರೆ. ನಾನು ಈ ಲೇಖನದಲ್ಲಿ ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ. 12 ಡಿಗ್ರಿ ನೀರಿನಲ್ಲಿ ಇಟ್ಟ ಮೀನಿಗೂ ಸೋಂಕು ತಗಲುತ್ತದೆ, ಆದರೆ ಅದು ಹಾಗೇ ಓಡಾಡಿಕೊಂಡು ಇರುತ್ತದೆ. ಅದೇ ಸೋಂಕಿರುವ ಮೀನನ್ನು 18 ಡಿಗ್ರಿಯಲ್ಲಿ ಇಟ್ಟರೆ ಕಿಡ್ನಿ ಊದುತ್ತದೆ, ಸಾವು ಶುರುವಾಗುತ್ತದೆ. ಪ್ರಯೋಗಾಲಯದಲ್ಲೂ ಕಂಡಿದೆ, ಹೊಳೆಯಲ್ಲೂ ಕಂಡಿದೆ. ನೀರು 15 ಡಿಗ್ರಿ ದಾಟಿ ಎರಡರಿಂದ ನಾಲ್ಕು ವಾರ ಹಾಗೇ ನಿಂತರೆ ಅಪಾಯ ಬಂತು ಅಂತಲೇ ಲೆಕ್ಕ.

ಯಾಕೆ ಹೀಗೆ? ನೀರು ಬೆಚ್ಚಗಾದಂತೆ ಬ್ರಯೋಜೋವ ಜೋರಾಗಿ ಬೆಳೆಯುತ್ತದೆ, ಸ್ಪೋರ್ ಜಾಸ್ತಿ ಬಿಡುತ್ತದೆ. ಮೀನಿನ ಒಳಗೆ ಪರಾವಲಂಬಿಯೂ ಬೇಗ ಬೇಗ ಹೆಚ್ಚುತ್ತದೆ. ಅದನ್ನು ಎದುರಿಸಲು ಹೋಗಿ ಮೀನಿನ ರೋಗ ನಿರೋಧಕ ಕಣಗಳು ಕಿಡ್ನಿಯಲ್ಲಿ ಹದ ತಪ್ಪಿ ತುಂಬಿಕೊಳ್ಳುತ್ತವೆ. ನಾವು ನೋಡುವ ಊತ ಬಹುಪಾಲು ಇದೇ. ಮೀನಿನ ಕಿಡ್ನಿ ಮೂತ್ರಕ್ಕೆ ಮಾತ್ರ ಇರುವ ಅಂಗ ಅಂದುಕೊಳ್ಳಬೇಡಿ. ನಮಗೆ ಮೂಳೆಯ ಮಜ್ಜೆ ಮಾಡುವ ಕೆಲಸವನ್ನು, ಅಂದರೆ ರಕ್ತ ಹುಟ್ಟಿಸುವ ಕೆಲಸವನ್ನು ಮೀನಿನಲ್ಲಿ ಕಿಡ್ನಿಯೇ ಮಾಡುತ್ತದೆ. ಕಿಡ್ನಿ ಕೆಟ್ಟರೆ ರಕ್ತ ತೆಳುವಾಗುತ್ತದೆ.

ಈಗ ಆಮ್ಲಜನಕದ ಲೆಕ್ಕ ನೋಡಿ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 15 ಡಿಗ್ರಿಯಲ್ಲಿ 10.1. 20 ಡಿಗ್ರಿಯಲ್ಲಿ 9.1 ಅಷ್ಟೇ. ನೀರಿನಲ್ಲಿ ಉಸಿರು ಕಡಿಮೆಯಾಗುವ ಹೊತ್ತಿಗೇ ಮೀನಿನ ಮೈಗೆ ಅದು ಹೆಚ್ಚು ಬೇಕಾಗುತ್ತದೆ. ಅದನ್ನು ಹೊತ್ತು ತರಬೇಕಾದ ರಕ್ತವೇ ತೆಳುವಾಗಿದೆ. ಪಾಪ, ಆ ಮೀನು ಏನು ಮಾಡಬೇಕು?

2016ರ ಆಗಸ್ಟಿನಲ್ಲಿ ಅಮೆರಿಕದ ಮೊಂಟಾನಾದಲ್ಲಿ ಹೀಗೇ ಆಯಿತು. ಮಳೆ ಕಡಿಮೆ, ಯೆಲ್ಲೋಸ್ಟೋನ್ ನದಿಯಲ್ಲಿ ನೀರು ಇಳಿದಿತ್ತು, ಬಿಸಿಯೂ ಏರಿತ್ತು. ಮೌಂಟನ್ ವೈಟ್‌ಫಿಶ್ ಅನ್ನುವ ಮೀನುಗಳು ಸಾವಿರಗಟ್ಟಲೆ ಸತ್ತವು. ಕೆಲವು ಟ್ರೌಟ್‌ಗಳೂ ಸತ್ತವು. ಪರೀಕ್ಷೆಯಲ್ಲಿ ಪಿಕೆಡಿ ಅಂತ ಬಂತು. ರಾಜ್ಯದ ವನ್ಯಜೀವಿ ಇಲಾಖೆ ಆಗಸ್ಟ್ 19ರಂದು ನದಿಯ 183 ಮೈಲಿ, ಅಂದರೆ ಸುಮಾರು 295 ಕಿಲೋಮೀಟರ್ ಉದ್ದವನ್ನು ಮುಚ್ಚಿಬಿಟ್ಟಿತು. ಗಾಳ ಹಾಕುವಂತಿಲ್ಲ, ದೋಣಿ ಇಳಿಸುವಂತಿಲ್ಲ, ಈಜುವಂತಿಲ್ಲ. ಪ್ರವಾಸಿಗರನ್ನೇ ನಂಬಿದ್ದ ಊರುಗಳಿಗೆ ಅದು ದೊಡ್ಡ ಹೊಡೆತ. ಆದರೂ ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಔಷಧಿ ಇಲ್ಲದ ರೋಗದಲ್ಲಿ ಮೀನಿಗೆ ವಿಶ್ರಾಂತಿ ಕೊಡುವುದೊಂದೇ ಕೈಯಲ್ಲಿರುವ ದಾರಿ.

ಸ್ವಿಟ್ಜರ್ಲೆಂಡಿನಲ್ಲಿ ಇದು ಒಂದೇ ಬೇಸಿಗೆಯ ಕಥೆಯಾಗಿರಲಿಲ್ಲ. 1980ರ ದಶಕದಿಂದ ಅಲ್ಲಿನ ಹೊಳೆಗಳಲ್ಲಿ ಬ್ರೌನ್ ಟ್ರೌಟ್ ಸಿಗುವುದು ಕಡಿಮೆಯಾಗುತ್ತಾ ಬಂತು. ಕಾರಣ ಹುಡುಕಲು 1998ರಿಂದ 2003ರವರೆಗೆ ಫಿಶ್‌ನೆಟ್ಸ್ ಅನ್ನುವ ದೊಡ್ಡ ಯೋಜನೆ ನಡೆಯಿತು. ಒಂದೇ ಕಾರಣ ಸಿಗಲಿಲ್ಲ. ಸಿಕ್ಕ ಮುಖ್ಯ ಕಾರಣಗಳಲ್ಲಿ ಪಿಕೆಡಿ ಒಂದು. ಹೊಳೆಗಳ ನೀರಿನ ಹಳೆಯ ದಾಖಲೆ ತೆಗೆದು ನೋಡಿದಾಗ 1987-88ರ ಸುಮಾರಿಗೆ ತಾಪಮಾನ ಒಮ್ಮೆಲೇ ಒಂದು ಮೆಟ್ಟಿಲು ಏರಿದ್ದು ಕಂಡಿತು. ದಿನಾ ನೀರಿನ ಬಿಸಿ ಬರೆದಿಟ್ಟವರು ಇದ್ದದ್ದರಿಂದ ಇದು ಗೊತ್ತಾಯಿತು. ಇಲ್ಲದಿದ್ದರೆ ಸುಮ್ನೆ ಊಹೆ ಮಾಡಿಕೊಂಡೇ ಇರಬೇಕಾಗಿತ್ತು.

ಹೆಜ್ಜೆ 1: ಏಪ್ರಿಲ್‌ನಿಂದಲೇ ನೀರಿನ ಬಿಸಿ ಬರೆಯಿರಿ

ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಶುರು ಮಾಡಲು ಇಷ್ಟು ಸಾಕು. ದುಡ್ಡಿದ್ದರೆ ಗಂಟೆಗೊಮ್ಮೆ ತಾನೇ ಬರೆದುಕೊಳ್ಳುವ ಡೇಟಾ ಲಾಗರ್ ತೆಗೆದುಕೊಳ್ಳಿ, ಅದೇನೂ ಭಾರಿ ಬೆಲೆಯದಲ್ಲ.

ಎಲ್ಲಿ ಅಳೆಯಬೇಕು ಅನ್ನುವುದು ಮುಖ್ಯ. ನೀರು ಫಾರ್ಮಿಗೆ ಬರುವ ಬಾಯಿಯಲ್ಲಿ ಒಮ್ಮೆ, ಹೊರಗೆ ಹೋಗುವ ಕಡೆ ಒಮ್ಮೆ. ಬಿಸಿಲು ಬೀಳುವ ಮೇಲ್ಪದರದಲ್ಲಿ ಅಳೆಯಬೇಡಿ. ಮೊಣಕೈವರೆಗೆ ಕೈ ಮುಳುಗಿಸಿ, ನೆರಳಿರುವ ಹರಿಯುವ ನೀರಿನಲ್ಲಿ ಥರ್ಮಾಮೀಟರ್ ಹಿಡಿದು ಒಂದು ನಿಮಿಷ ಕಾಯಿರಿ. ದಿನಕ್ಕೆ ಎರಡು ಸಲ: ಬೆಳಗಿನ ಜಾವ ಮತ್ತು ಸಂಜೆ ನಾಲ್ಕೈದು ಗಂಟೆಗೆ. ಬಿಸಿ ಜಾಸ್ತಿ ಇರುವುದು ಸಂಜೆ. ಆಮ್ಲಜನಕ ಕಡಿಮೆ ಇರುವುದು ಬೆಳಗಿನ ಜಾವ, ಯಾಕೆಂದರೆ ರಾತ್ರಿಯೆಲ್ಲ ನೀರಿನ ಗಿಡಗಳೂ ಉಸಿರಾಡಿರುತ್ತವೆ. ಎರಡೂ ಹೊತ್ತು ನೋಡದಿದ್ದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಒಂದು ದಿನ 16 ಆಯಿತು ಅಂತ ಗಾಬರಿ ಬೇಡ. ಏಳು ದಿನದ ಸರಾಸರಿ ತೆಗೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಮೂರು ಬಣ್ಣದ ಗೆರೆ ಇದೆ. ಸರಾಸರಿ 10 ದಾಟಿದ ದಿನ ಹಸಿರು ಗೆರೆ. ಬ್ರಯೋಜೋವ ಚಿಗುರುವ ಕಾಲ ಬಂತು, ಸೋಂಕು ಇನ್ನು ತಗಲಬಹುದು. 13 ದಾಟಿದ ದಿನ ಹಳದಿ. ಮೀನು ಆರಿಸುವುದು, ಸಾಗಿಸುವುದು, ಏನೇ ಒರಟು ಕೆಲಸ ಇದ್ದರೂ ಅದಕ್ಕಿಂತ ಮೊದಲೇ ಮುಗಿಸಿರಬೇಕು. 15 ದಾಟಿದ ದಿನ ಕೆಂಪು. ಅಲ್ಲಿಂದ ದಿನ ಎಣಿಸುತ್ತೇನೆ. 10 ಮತ್ತು 13 ನಾನು ಇಟ್ಟುಕೊಂಡ ಗುರುತು, ನಿಮ್ಮ ಹೊಳೆಗೆ ತಕ್ಕಂತೆ ಬದಲಿಸಿಕೊಳ್ಳಿ. 15 ಮಾತ್ರ ಬದಲಿಸಬೇಡಿ.

ಹೆಜ್ಜೆ 2: ನಿಮ್ಮ ನೀರಿನಲ್ಲಿ ಬ್ರಯೋಜೋವ ಇದೆಯಾ ನೋಡಿ

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಇದಕ್ಕೆ ಇಡಿ. ಗಂಬೂಟು ಹಾಕಿಕೊಂಡು ಹೊಳೆಗೆ ಇಳಿಯಿರಿ. ಆಲ್ಡರ್, ವಿಲ್ಲೋ ಮರಗಳ ಬೇರು ನೀರಿಗೆ ಇಳಿದಿರುವ ಜಾಗ ಹುಡುಕಿ. ಬೇರಿನ ಒಂದು ಎಳೆಯನ್ನು ಕತ್ತರಿಸಿ, ಹೊಳೆಯ ನೀರನ್ನೇ ತುಂಬಿದ ಬಿಳಿ ತಟ್ಟೆಯಲ್ಲಿ ಹಾಕಿ, ಹತ್ತು ನಿಮಿಷ ಅಲುಗಾಡಿಸದೆ ಬಿಡಿ.

ಮೊದಲು ಕಾಣುವುದು ಕಂದು ಬಣ್ಣದ ತೆಳು ಕೊಳವೆಗಳು. ಜಿಂಕೆಯ ಕೊಂಬಿನಂತೆ ಕವಲೊಡೆದಿರುತ್ತವೆ, ದಪ್ಪ ಹೊಲಿಗೆ ದಾರದಷ್ಟು. ಸತ್ತ ಬೇರು ಅಂತ ಎಸೆದುಬಿಡುವ ಹಾಗಿರುತ್ತದೆ. ಆಮೇಲೆ ನಿಧಾನಕ್ಕೆ ಪ್ರತಿ ಕೊಳವೆಯ ತುದಿಯಿಂದ ಗಾಜಿನಂಥ ಸಣ್ಣ ಕಿರೀಟ ಹೊರಬರುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳು ಸುತ್ತಲೂ ಅರಳಿಕೊಳ್ಳುತ್ತವೆ. ತಟ್ಟೆ ತಟ್ಟಿದರೆ ಒಂದೇ ಕ್ಷಣದಲ್ಲಿ ಎಲ್ಲವೂ ಒಳಗೆ. ಮಸೂರ ಇದ್ದರೆ ಕೊಳವೆಯೊಳಗೆ ನೋಡಿ. ಸೋಂಕು ಜೋರಾಗಿದ್ದರೆ ಬಿಳಿ ಗುಂಡು ಚೀಲಗಳು ತಮ್ಮಷ್ಟಕ್ಕೆ ತಿರುಗುತ್ತಾ ತೇಲುವುದು ಕಾಣುತ್ತದೆ. ಸ್ಪೋರ್ ತುಂಬಿದ ಚೀಲಗಳು ಅವೇ. ನಾನು ಮೊದಲ ಸಲ ನೋಡಿದಾಗ ತಟ್ಟೆಯ ಮುಂದಿನಿಂದ ಒಂದು ಗಂಟೆ ಎದ್ದಿರಲಿಲ್ಲ.

ಇದನ್ನೆಲ್ಲ ಕಿತ್ತು ಹಾಕಿಬಿಡೋಣ ಅನ್ನಿಸುತ್ತದೆ, ಅಲ್ವಾ? ಹೊಳೆಯಿಂದ ಕಿತ್ತು ಮುಗಿಸಲು ಆಗುವುದಿಲ್ಲ. ಬ್ರಯೋಜೋವ ಸ್ಟಾಟೋಬ್ಲಾಸ್ಟ್ ಅನ್ನುವ ಗಟ್ಟಿ ಮೊಗ್ಗುಗಳನ್ನು ಬಿಟ್ಟಿರುತ್ತದೆ. ಚಳಿಯನ್ನೂ ಒಣಗುವುದನ್ನೂ ತಡೆದುಕೊಂಡು ಅವು ಮತ್ತೆ ಚಿಗುರುತ್ತವೆ. ಪರಾವಲಂಬಿಯೂ ಅವುಗಳ ಒಳಗೆ ಕೂತು ಮುಂದಿನ ವರ್ಷಕ್ಕೆ ಹೋಗಬಲ್ಲದು. ಆದರೆ ನಿಮ್ಮ ಪೈಪು, ಜಾಲರಿ, ಕಾಲುವೆಯ ಗೋಡೆ ನಿಮ್ಮ ಕೈಯಲ್ಲಿದೆ. ಅದನ್ನು ಚಳಿಗಾಲದಲ್ಲಿ ಮಾಡಿ. ಮೀನು ಬೇರೆಡೆ ಸಾಗಿಸಿ, ನೀರು ಖಾಲಿ ಮಾಡಿ, ಬ್ರಷ್ ಹಾಕಿ ಉಜ್ಜಿ, ಕಸವನ್ನು ನೀರಿನಿಂದ ದೂರ ಹಾಕಿ. ಬೇಸಿಗೆಯಲ್ಲಿ ನೀರು ಹರಿಯುತ್ತಿರುವಾಗ ಜಾಲರಿ ಕೆರೆದರೆ ಆ ಚೂರುಗಳೆಲ್ಲ ನೇರ ಮೀನಿನ ಕೊಳಕ್ಕೇ ಹೋಗುತ್ತವೆ.

ಹೊಳೆಯ ಮೇಲ್ಭಾಗದಿಂದ ಚರಂಡಿ ನೀರು, ಗೊಬ್ಬರದ ನೀರು ಸೇರುತ್ತಿದ್ದರೆ ಅದನ್ನೂ ಬರೆದಿಡಿ. ನೀರಿನಲ್ಲಿ ತೇಲುವ ಸಣ್ಣ ಕಣಗಳೇ ಬ್ರಯೋಜೋವದ ಆಹಾರ. ಕೊಳೆ ಹೆಚ್ಚಿದಷ್ಟೂ ಅದಕ್ಕೆ ಹಬ್ಬ.

ಹೆಜ್ಜೆ 3: ದಡದ ಮೇಲೆ ನಿಂತು ಮೀನು ನೋಡಿ

ಜುಲೈಯಿಂದ ಸೆಪ್ಟೆಂಬರ್‌ವರೆಗೆ ದಿನಾ ಹತ್ತು ನಿಮಿಷ. ಮೇವು ಹಾಕುವ ಮೊದಲು ನೋಡಿ. ಮೇವು ಬಿದ್ದ ಮೇಲೆ ಎಲ್ಲ ಮೀನೂ ಚುರುಕಾಗಿಯೇ ಕಾಣುತ್ತವೆ.

ಹೊಸ ಮರಿಗಳ ಕೊಳಕ್ಕೆ ಮೊದಲು ಹೋಗಿ. ಮೊದಲ ಬೇಸಿಗೆ ನೋಡುತ್ತಿರುವ ಮೀನುಗಳಿಗೇ ಪೆಟ್ಟು ಜಾಸ್ತಿ. ಮೈ ಕಪ್ಪಗಾಗಿರುವುದು, ಗುಂಪು ಬಿಟ್ಟು ಅಂಚಿನಲ್ಲಿ ನಿಲ್ಲುವುದು, ನೀರು ಬಂದು ಬೀಳುವ ಬಾಯಿಯ ಹತ್ತಿರ ಸೇರುವುದು, ಕಿವಿರು ಮುಚ್ಚಳ ಬೇಗ ಬೇಗ ಆಡುವುದು. ಕಣ್ಣು ಹೊರಚಾಚಿರಬಹುದು, ಹೊಟ್ಟೆ ಉಬ್ಬಿರಬಹುದು. ಒಂದನ್ನು ಹಿಡಿದು ಕಿವಿರು ಎತ್ತಿ ನೋಡಿ. ಚೆನ್ನಾಗಿರುವ ಮೀನಿನ ಕಿವಿರು ಮಾರುಕಟ್ಟೆಯಲ್ಲಿ ತಾಜಾ ಮೀನು ಆರಿಸುವಾಗ ನೋಡುತ್ತೇವಲ್ಲ, ಹಾಗೆ ಕಡುಗೆಂಪು. ಪಿಕೆಡಿ ಬಂದ ಮೀನಿನದು ತೆಳು ಗುಲಾಬಿ. ತೀರಾ ಕೆಟ್ಟಿದ್ದರೆ ನೆನೆಸಿದ ಕಾಗದದಂತೆ ಬಿಳಿಚಿಕೊಂಡಿರುತ್ತದೆ.

ಹೆಜ್ಜೆ 4: ಸೀಳಿ ಕಿಡ್ನಿ ನೋಡಿ

ಮೀನು ಶುಚಿ ಮಾಡುವಾಗ ಹೊಟ್ಟೆಯೊಳಗೆ ಬೆನ್ನುಮೂಳೆಯ ಉದ್ದಕ್ಕೂ ಒಂದು ಕಪ್ಪುಕೆಂಪು ಗೆರೆ ಸಿಗುತ್ತದೆ. ಅಮ್ಮ ಅದನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆಯುತ್ತಿದ್ದರು, ಇಲ್ಲದಿದ್ದರೆ ಸಾರು ಕಹಿ ಅಂತ. ಆ ಗೆರೆಯೇ ಕಿಡ್ನಿ. ನೀವೂ ಎಷ್ಟೋ ಸಲ ನೋಡಿರುತ್ತೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಸಾಯುವ ಹಂತದಲ್ಲಿರುವ ಮೀನನ್ನೇ ಆರಿಸಿ, ನೋವಾಗದಂತೆ ಕೊಂದು ತಕ್ಷಣ ಸೀಳಿ. ಸತ್ತು ತೇಲುತ್ತಿರುವುದು ಪ್ರಯೋಜನಕ್ಕೆ ಬರುವುದಿಲ್ಲ, ಬೇಸಿಗೆಯಲ್ಲಿ ಕಿಡ್ನಿ ಬಹಳ ಬೇಗ ಕೊಳೆಯುತ್ತದೆ. ಗುದದಿಂದ ಕತ್ತರಿ ಹಾಕಿ ಮುಂದಕ್ಕೆ ಸೀಳಿ. ಕರುಳು ತೆಗೆಯಿರಿ. ಮೇಲೆ ಬಿಳಿ ಬಲೂನಿನಂಥ ಗಾಳಿಚೀಲ ಕಾಣುತ್ತದೆ, ಅದನ್ನೂ ಬಿಡಿಸಿ. ಹಿಂದೆ ಕಿಡ್ನಿ.

ಆರೋಗ್ಯದ ಕಿಡ್ನಿ ತೆಳು, ನುಣುಪು, ಕಡುಗೆಂಪು. ಬೆನ್ನುಮೂಳೆಗೆ ಒತ್ತಿಕೊಂಡು ಚಪ್ಪಟೆಯಾಗಿರುತ್ತದೆ. ಪಿಕೆಡಿಯಲ್ಲಿ ಅದು ದಪ್ಪನಾಗಿ ಎದ್ದು ನಿಲ್ಲುತ್ತದೆ. ಬಣ್ಣ ಬೂದು, ನಡುನಡುವೆ ಕೆಂಪು ಮಚ್ಚೆ. ಮೇಲ್ಮೈ ಉಬ್ಬುತಗ್ಗಾಗಿ ಅಲೆ ಅಲೆಯಾಗಿರುತ್ತದೆ. ಹಿಂಭಾಗದಲ್ಲಿ ಊತ ಹೆಚ್ಚು. ಗುಲ್ಮವೂ ದೊಡ್ಡದಾಗಿರಬಹುದು, ಹೊಟ್ಟೆಯಲ್ಲಿ ನೀರು ತುಂಬಿರಬಹುದು.

ಊದಿದ ಕಿಡ್ನಿ ಎಲ್ಲ ಪಿಕೆಡಿ ಅಲ್ಲ. ಬಿಕೆಡಿ ಅನ್ನುವ ಬ್ಯಾಕ್ಟೀರಿಯಾ ರೋಗದಲ್ಲಿ ಬಿಡಿಬಿಡಿಯಾದ ಬಿಳಿ ಗಂಟುಗಳಿರುತ್ತವೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಕಿಡ್ನಿಯಲ್ಲಿ ಸುಣ್ಣ ಕಟ್ಟುತ್ತದೆ. ಆಗ ಕತ್ತರಿಸಿದರೆ ಮರಳು ಸಿಕ್ಕಂತೆ ಕರಕರ ಅನ್ನುತ್ತದೆ. ಕಣ್ಣಂದಾಜಿನ ಮೇಲೆ ತೀರ್ಮಾನ ಮಾಡಬೇಡಿ. ಐದರಿಂದ ಹತ್ತು ಮೀನಿನ ಕಿಡ್ನಿ ಚೂರು ತೆಗೆಯಿರಿ. ಅರ್ಧ ಸೆಂಟಿಮೀಟರಿಗಿಂತ ತೆಳುವಾಗಿ ಕತ್ತರಿಸಿದ ಒಂದು ಚೂರು ಫಾರ್ಮಾಲಿನ್‌ನಲ್ಲಿ, ಇನ್ನೊಂದು ಚೂರು ಎಥೆನಾಲ್‌ನಲ್ಲಿ. ಮೊದಲನೆಯದು ಸೂಕ್ಷ್ಮದರ್ಶಕದಲ್ಲಿ ನೋಡಲು, ಎರಡನೆಯದು ಪಿಸಿಆರ್ ಪರೀಕ್ಷೆಗೆ. ಮೀನಿನ ರೋಗ ಗೊತ್ತಿರುವ ಪಶುವೈದ್ಯರ ಮೂಲಕ ಲ್ಯಾಬಿಗೆ ಕಳಿಸಿ. ಜೊತೆಗೆ ನಿಮ್ಮ ತಾಪಮಾನದ ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿ, ಅವರಿಗೆ ಅದು ಬಹಳ ಉಪಯೋಗ. ಸ್ವಿಟ್ಜರ್ಲೆಂಡಿನಲ್ಲಿ ಈ ರೋಗ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು. ನಿಮ್ಮ ದೇಶದ ನಿಯಮ ಏನಿದೆ ಅಂತ ವೈದ್ಯರನ್ನೇ ಕೇಳಿ.

ಮನೆಯವರು ಕೇಳುವ ಪ್ರಶ್ನೆ ಒಂದಿದೆ: ಇದು ಮನುಷ್ಯರಿಗೆ ಬರುತ್ತದಾ? ಇಲ್ಲ.

ಹೆಜ್ಜೆ 5: ಕೆಂಪು ಗೆರೆ ದಾಟಿದ ಮೇಲೆ

ಔಷಧಿ ಹುಡುಕಿಕೊಂಡು ಸಮಯ ಕಳೆಯಬೇಡಿ. ಈ ರೋಗಕ್ಕೆ ಅನುಮತಿ ಪಡೆದ ಔಷಧಿಯಾಗಲಿ ಲಸಿಕೆಯಾಗಲಿ ಇಲ್ಲ. ಹಿಂದೆ ಮಲಕೈಟ್ ಗ್ರೀನ್ ಬಳಸುತ್ತಿದ್ದರು. ತಿನ್ನುವ ಮೀನಿಗೆ ಅದನ್ನು ಯುರೋಪಿನಲ್ಲಿ ನಿಷೇಧಿಸಲಾಗಿದೆ, ಯಾರಾದರೂ ಗುಟ್ಟಾಗಿ ತಂದುಕೊಡುತ್ತೇನೆ ಅಂದರೂ ಮುಟ್ಟಬೇಡಿ. ಜೇನುಹುಳುಗಳ ರೋಗಕ್ಕೆ ಕೊಡುವ ಫ್ಯುಮಾಜಿಲಿನ್ ಅನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಪರಾವಲಂಬಿ ಕಡಿಮೆಯಾಯಿತು, ಆದರೆ ಪ್ರಮಾಣ ಸ್ವಲ್ಪ ಹೆಚ್ಚಾದರೂ ಮೀನಿಗೇ ವಿಷ.

ಹಾಗಾದರೆ ಕೈಯಲ್ಲಿ ಏನಿದೆ? ತಂಪು, ಆಮ್ಲಜನಕ, ನೆಮ್ಮದಿ.

ಬೋರ್‌ವೆಲ್ ಅಥವಾ ಚಿಲುಮೆ ನೀರು ಇದ್ದರೆ ಅದನ್ನು ಮರಿಗಳ ಕೊಳಕ್ಕೆ ತಿರುಗಿಸಿ. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ನೆಲದಿಂದ ಬರುವ ಚಿಲುಮೆ ನೀರು ವರ್ಷವಿಡೀ 10-11 ಡಿಗ್ರಿ ಇರುತ್ತದೆ. ಪೂರ್ತಿ ಸಾಲದಿದ್ದರೆ ಹೊಳೆಯ ನೀರಿಗೆ ಬೆರೆಸಿ. 17 ಡಿಗ್ರಿಯ ನೀರನ್ನು 15ಕ್ಕೆ ಇಳಿಸಿದರೂ ಮೀನಿಗೆ ಅದು ದೊಡ್ಡ ಉಪಕಾರ. ಆದರೆ ಒಂದು ಎಚ್ಚರಿಕೆ. ನೆಲದಡಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು, ಅದನ್ನು ಮೇಲಿಂದ ಚಿಮ್ಮಿಸಿ ಗಾಳಿ ಆಡಿಸಿಯೇ ಬಿಡಬೇಕು.

ಏರೇಟರ್ ಹಗಲು ಮಾತ್ರ ಓಡಿಸಿ ರಾತ್ರಿ ಆರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಕಾಗಿರುವುದು ರಾತ್ರಿಯೇ. ನೀರು ಹೊರಹೋಗುವ ಕಡೆ, ಬೆಳಗಿನ ಜಾವಕ್ಕೂ, ಲೀಟರಿಗೆ 7 ಮಿಲಿಗ್ರಾಂ ಕೆಳಗೆ ಇಳಿಯದಂತೆ ನಾನು ನೋಡಿಕೊಳ್ಳುತ್ತೇನೆ.

ಮೇವು ಕಡಿಮೆ ಮಾಡಿ. ತೀರಾ ಬಿಸಿ ದಿನಗಳಲ್ಲಿ ನಿಲ್ಲಿಸಿಬಿಡಿ. ಉಪವಾಸ ಹಾಕಿದರೆ ತೂಕ ಹೋಗುತ್ತದಲ್ಲ ಅಂತ ಹೊಸಬರಿಗೆ ಸಂಕಟವಾಗುತ್ತದೆ. ತಿಂದ ಮೇವು ಅರಗಿಸಲು ಮೀನಿಗೆ ಆಮ್ಲಜನಕ ಬೇಕು, ಅದೇ ಅದರ ಹತ್ತಿರ ಇಲ್ಲ. ಟ್ರೌಟ್ ಕೆಲವು ದಿನ ಉಪವಾಸ ತಡೆದುಕೊಳ್ಳುತ್ತದೆ.

ಇನ್ನು ನೆಮ್ಮದಿ. ಬಲೆ ಹಾಕಬೇಡಿ. ಗಾತ್ರ ನೋಡಿ ಬೇರ್ಪಡಿಸಬೇಡಿ. ಲಾರಿ ಹತ್ತಿಸಬೇಡಿ. ಔಷಧಿ ಸ್ನಾನ ಬೇಡ. ಇದನ್ನು ನಾನು ಕಲಿತದ್ದು ಮೀನು ಸಾಯಿಸಿ. ಇಲ್ಲಿಗೆ ಬಂದ ಎರಡನೇ ಬೇಸಿಗೆ, ಆಗ ಕೆಲಸ ಮಾಡುತ್ತಿದ್ದ ಫಾರ್ಮಿನಲ್ಲಿ ನೀರು 17.5 ಇತ್ತು. ಮೀನು ಸ್ವಲ್ಪ ಮಂಕಾಗಿದ್ದವು, ಅಷ್ಟೇ. ಸಾವು ಶುರುವಾಗಿರಲಿಲ್ಲ. ಗಾತ್ರ ಬೇರ್ಪಡಿಸಿ ಅಂತ ಮೇಲಿಂದ ಹೇಳಿದರು. ಬೇಡ ಅನ್ನಲು ನನಗೆ ಧೈರ್ಯವೂ ಇರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಮಧ್ಯಾಹ್ನದವರೆಗೆ ಬಲೆ ಎಳೆದೆವು. ಮರುದಿನ ಬೆಳಿಗ್ಗೆ ಹೊರಬಾಗಿಲಿನ ಜಾಲರಿಯ ಉದ್ದಕ್ಕೂ ಮೀನು ಸಾಲಾಗಿ ಒರಗಿದ್ದವು, ಒಂದರ ಮೇಲೊಂದು. ಬಕೆಟ್‌ಗಳು ಸಾಲದೆ ಮೇವಿನ ಚೀಲಗಳಲ್ಲಿ ತುಂಬಿದೆವು. ಒಂದನ್ನು ಸೀಳಿದೆ. ಹೆಬ್ಬೆರಳಿನಷ್ಟು ದಪ್ಪ ಬೂದು ಕಿಡ್ನಿ. ಆ ಮೀನುಗಳಿಗೆ ಸುಮ್ಮನೆ ಬಿಟ್ಟಿದ್ದರೆ ಬದುಕುವ ಅವಕಾಶ ಇತ್ತು.

ಸತ್ತ ಮೀನು ದಿನಕ್ಕೆ ಎರಡು ಸಲ ತೆಗೆಯಿರಿ. ನಿತ್ರಾಣವಾದ ಮೀನಿಗೆ ಬೂಸ್ಟು, ಬ್ಯಾಕ್ಟೀರಿಯಾ ಎಲ್ಲವೂ ಬೇಗ ಹತ್ತುತ್ತವೆ. ಪಿಕೆಡಿಯಲ್ಲಿ ಸಾವಿನ ಸಂಖ್ಯೆ ಏರುವುದು ಎಷ್ಟೋ ಸಲ ಇವುಗಳಿಂದಲೇ. ಆಂಟಿಬಯೋಟಿಕ್ ಬೇಕಾ ಬೇಡವಾ ಅನ್ನುವುದನ್ನು ವೈದ್ಯರು ಹೇಳಲಿ. ಅದು ಪರಾವಲಂಬಿಯನ್ನು ಮುಟ್ಟುವುದಿಲ್ಲ.

ಹೆಜ್ಜೆ 6: ಮುಂದಿನ ವರ್ಷದ ಯೋಜನೆ

ಈ ರೋಗದಲ್ಲಿ ಒಂದು ಒಳ್ಳೆಯ ವಿಷಯ ಇದೆ. ಒಮ್ಮೆ ಬಂದು ಬದುಕಿದ ಮೀನಿಗೆ ಅದೇ ರೋಗ ಮತ್ತೆ ಜೋರಾಗಿ ಬರುವುದಿಲ್ಲ. ಅನುಭವಿ ಸಾಕಣೆದಾರರು ಇದನ್ನೇ ಉಪಯೋಗಿಸಿಕೊಳ್ಳುತ್ತಾರೆ.

ಹೊಸ ಮರಿಗಳನ್ನು ಮೊದಲ ಬೇಸಿಗೆ ಪೂರ್ತಿ ಚಿಲುಮೆ ಅಥವಾ ಬೋರ್‌ವೆಲ್ ನೀರಿನಲ್ಲೇ ಇಡಿ. ಹೊಳೆಯ ನೀರು ಮುಟ್ಟಿಸಬೇಡಿ. ಬೇಸಿಗೆಯ ಕೊನೆಗೆ, ನೀರು ಇಳಿಮುಖವಾಗಿ 15ರ ಕೆಳಗೆ ಬಂದು, ಇನ್ನು ಏರುವುದಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಹೊಳೆಯ ನೀರಿಗೆ ಬಿಡಿ. ಆಗಲೂ ಬ್ರಯೋಜೋವ ಸ್ಪೋರ್ ಬಿಡುತ್ತಿರುತ್ತದೆ, ಸೋಂಕು ತಗಲುತ್ತದೆ. ಆದರೆ ನೀರು ತಣ್ಣಗಾಗುತ್ತಾ ಹೋಗುವುದರಿಂದ ರೋಗ ಏರುವುದಿಲ್ಲ. ಮೀನು ನಿಧಾನಕ್ಕೆ ಶಕ್ತಿ ಪಡೆಯುತ್ತದೆ. ಮುಂದಿನ ಬೇಸಿಗೆಗೆ ಅದು ತಯಾರಾಗಿರುತ್ತದೆ. ತೀರಾ ತಡ ಮಾಡಬೇಡಿ. ನವೆಂಬರ್ ಬಂತೆಂದರೆ ಬ್ರಯೋಜೋವ ಬಾಡಿ, ಸ್ಪೋರ್ ಸಾಕಷ್ಟು ಇರುವುದಿಲ್ಲ. ಆಗ ಬಿಟ್ಟ ಮೀನು ಮುಂದಿನ ಬೇಸಿಗೆಗೆ ಹೊಸದಾಗಿಯೇ ಉಳಿದುಬಿಡುತ್ತದೆ. ಈ ದಿನ ಆರಿಸಲು ನಿಮ್ಮ ಹಿಂದಿನ ವರ್ಷಗಳ ನೋಟ್‌ಬುಕ್ ಬಿಟ್ಟರೆ ಬೇರೆ ದಾರಿ ಇಲ್ಲ.

ಚಿಲುಮೆ ನೀರು ಇಲ್ಲದವರು ವಸಂತದಲ್ಲಿ ಮರಿ ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಈ ಮೀನು ಹಿಂದಿನ ವರ್ಷ ಪಿಕೆಡಿ ಇರುವ ನೀರು ಕಂಡಿದೆಯಾ? ಕಂಡು ಬದುಕಿದ ಮೀನು ನಿಮಗೆ ಒಳ್ಳೆಯದು. ಆದರೆ ಅದನ್ನು ರೋಗ ಇಲ್ಲದ ಹೊಳೆಗೆ ಎಂದಿಗೂ ಬಿಡಬೇಡಿ. ಬ್ರೌನ್ ಟ್ರೌಟ್ ಆದರಂತೂ ಬೇಡವೇ ಬೇಡ. ಅದು ಗುಣವಾಗಿ ವರ್ಷ ಕಳೆದ ಮೇಲೂ ಸ್ಪೋರ್ ಬಿಡಬಲ್ಲದು.

ದಡದಲ್ಲಿ ಮರ ನೆಡಿ. ಸಣ್ಣ ಹೊಳೆಗಳಲ್ಲಿ ನೆರಳು ಬೇಸಿಗೆಯ ಬಿಸಿಯನ್ನು 2-3 ಡಿಗ್ರಿಯವರೆಗೂ ಇಳಿಸಬಲ್ಲದು. ಇಂಗ್ಲೆಂಡಿನಲ್ಲಿ ಇದಕ್ಕಾಗಿಯೇ ಪರಿಸರ ಇಲಾಖೆಯ ಯೋಜನೆ ನಡೆದಿದೆ. ಅದೇ ಮರದ ಬೇರಿನಲ್ಲಿ ಬ್ರಯೋಜೋವ ಕೂರುತ್ತದಲ್ಲ ಅಂತ ನೀವು ಕೇಳಬಹುದು. ನಿಜ, ಕೂರುತ್ತದೆ. ಆದರೂ ನಾನು ಮರದ ಪರ. ತಣ್ಣನೆಯ ನೀರಿನಲ್ಲಿ ಸೋಂಕು ತಗಲಿದ ಮೀನು ಬದುಕುತ್ತದೆ.

ಗಾಳ ಹಾಕುವವರಿಗೆ

ಹೊಳೆ 18 ದಾಟಿದ ದಿನ ಗಾಳ ಮನೆಯಲ್ಲೇ ಇರಲಿ. ಹಿಡಿದು ಬಿಟ್ಟರೂ ಆ ಮೀನು ಆಮೇಲೆ ಸಾಯಬಹುದು. ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟಿನ ಅಡಿ, ಬಲೆಯ ಗಂಟುಗಳನ್ನು ಬ್ರಷ್‌ನಿಂದ ಉಜ್ಜಿ ತೊಳೆದು ಒಣಗಿಸಿ. ಸ್ಟಾಟೋಬ್ಲಾಸ್ಟ್ ಒಣಗಿದರೂ ಬದುಕುತ್ತದೆ ಅಂದೆನಲ್ಲ, ಅದಕ್ಕೇ ಉಜ್ಜುವುದು ಮುಖ್ಯ. ಸತ್ತ ಮೀನು ಒಂದೆರಡಲ್ಲ, ಹತ್ತಾರು ಕಂಡರೆ ಜಾಗ, ಸಮಯ, ನೀರಿನ ಬಿಸಿ ಬರೆದುಕೊಂಡು ಅಲ್ಲಿನ ಮೀನುಗಾರಿಕೆ ಇಲಾಖೆಗೆ ಅದೇ ದಿನ ಫೋನ್ ಮಾಡಿ.

ನೀಲಗಿರಿಯ ಅವಲಾಂಚೆಯಲ್ಲೋ, ಮುನ್ನಾರಿನಲ್ಲೋ, ಹಿಮಾಚಲದ ಪಾಟ್ಲಿಕುಹಲ್‌ನಲ್ಲೋ ಟ್ರೌಟ್ ಜೊತೆ ಕೆಲಸ ಮಾಡುವ ಕನ್ನಡಿಗರಿದ್ದರೆ ಮೊದಲ ಹೆಜ್ಜೆಯನ್ನು ಇವತ್ತೇ ಶುರು ಮಾಡಿ. ರೋಗ ಯಾವುದೇ ಇರಲಿ, ಬೆಚ್ಚಗಿನ ನೀರಿನಲ್ಲಿ ಟ್ರೌಟ್ ಕಷ್ಟಪಡುವುದು ಎಲ್ಲ ಕಡೆಯೂ ಒಂದೇ.

ಅಕ್ಟೋಬರ್‌ನಲ್ಲಿ ಒಂದು ಮೀನು

ಬೇಸಿಗೆ ದಾಟಿದ ಕೊಳದಿಂದ ಅಕ್ಟೋಬರ್‌ನಲ್ಲಿ ಎರಡು ಮೂರು ಮೀನು ತೆಗೆದು ಸೀಳಿ ನೋಡುವುದು ನನ್ನ ಅಭ್ಯಾಸ. ಮೀನಿನ ಕಿಡ್ನಿಗೆ ಮತ್ತೆ ಬೆಳೆಯುವ ಶಕ್ತಿ ಇದೆ. ಹೋದ ವರ್ಷ ನೀರು 11ಕ್ಕೆ ಇಳಿದ ವಾರ ಒಂದನ್ನು ಸೀಳಿದೆ. ಜುಲೈಯಲ್ಲಿ ಆ ಕೊಳದ ಮೀನುಗಳೆಲ್ಲ ಕಪ್ಪಗಾಗಿ ನೀರಿನ ಬಾಯಿಗೆ ಸೇರಿಕೊಂಡಿದ್ದವು. ಈಗ ಕಿವಿರು ಕೆಂಪಗಿತ್ತು. ಗಾಳಿಚೀಲ ಬಿಡಿಸಿದೆ. ಬೆನ್ನುಮೂಳೆಗೆ ಒತ್ತಿಕೊಂಡು ತೆಳುವಾದ ಕಡುಗೆಂಪು ಪಟ್ಟಿ. ಹಿಂಭಾಗದಲ್ಲಿ ಮಾತ್ರ, ಅಕ್ಕಿಕಾಳಿನಷ್ಟು ಜಾಗದಲ್ಲಿ, ಬೂದು ಬಣ್ಣ ಇನ್ನೂ ಉಳಿದಿತ್ತು.